ಕಡಿಮೆ ದರದ ಟೆಂಡರ್, ಮುಗಿಯದ ಚರಂಡಿ

ಮಾನ್ಯರೇ,

ಮಂಡ್ಯದ ನಮ್ಮ ಬೀದಿಯಲ್ಲಿ ಚರಂಡಿಗೆಂದು ಅಗೆದು ಎರಡು ಮಳೆಗಾಲ ಕಳೆಯಿತು. ಕಟ್ಟಿದ ಸರಳುಗಳು ತುಕ್ಕು ಹಿಡಿದು ಮೇಲೆದ್ದಿವೆ. ಮನೆ ಬಾಗಿಲಿಗೆ ಹೋಗಲು ಹಲಗೆ ಹಾಕಿಕೊಂಡಿದ್ದೇವೆ. ಸಂಜೆಯಾದರೆ ವಯಸ್ಸಾದವರು ಹೊರಗೆ ಬರುವುದೇ ಇಲ್ಲ. ಎಲ್ಲರಿಗಿಂತ ಕಡಿಮೆ ದರ ನಮೂದಿಸಿ ಕೆಲಸ ಹಿಡಿದವರು ಅರ್ಧಕ್ಕೇ ಕೈಬಿಟ್ಟರು. ಮರುಟೆಂಡರ್ ಕರೆದರೆ, ತಿರಸ್ಕೃತರಾದವರೊಬ್ಬರು ಕೋರ್ಟಿನಿಂದ ತಡೆಯಾಜ್ಞೆ ತಂದರು.

ಟೆಂಡರ್ ಪಾರದರ್ಶಕತೆಗೆಂದೇ ರಾಜ್ಯದಲ್ಲಿ 1999ರ ಕಾಯ್ದೆ ಇದೆ. ಅದು ಬರೀ ಮೊತ್ತ ನೋಡಿ ಕೆಲಸ ಕೊಡಿ ಎನ್ನುವುದಿಲ್ಲ. ಟೆಂಡರ್ ದಾಖಲೆಯಲ್ಲಿ ತಿಳಿಸಿದ ಮಾನದಂಡದಂತೆ ಅಳೆದು, ಆಮೇಲೆ ಕನಿಷ್ಠ ದರ ಒಪ್ಪಬೇಕು. ಅನ್ಯಾಯವಾಯಿತು ಎನ್ನುವವರು 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ನ್ಯಾಯಾಲಯ ನೋಡುವುದು ನಿರ್ಧಾರ ಕೈಗೊಂಡ ರೀತಿಯನ್ನೇ ಹೊರತು ನಿರ್ಧಾರದ ಗುಣಾವಗುಣವನ್ನಲ್ಲ ಎಂದು ಟೆಂಡರ್ ವಿವಾದವೇ ಆಗಿದ್ದ ಟಾಟಾ ಸೆಲ್ಯುಲರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1994ರಲ್ಲೇ ಹೇಳಿದೆ. ಹಾಗಿರುವಾಗ ತಿರಸ್ಕಾರದ ಕಾರಣವನ್ನು ಅಧಿಕಾರಿಗಳು ಕಡತದಲ್ಲಿ ಸ್ಪಷ್ಟವಾಗಿ ಬರೆದಿಟ್ಟರೆ ಅರ್ಧ ವ್ಯಾಜ್ಯ ಹುಟ್ಟುವುದೇ ಇಲ್ಲ. ಅಂದಾಜಿಗಿಂತ ತೀರಾ ಕಡಿಮೆ ದರ ಬಂದಾಗ ಲೆಕ್ಕದ ವಿವರಣೆ ಕೇಳಲಿ, ಹೆಚ್ಚುವರಿ ಭದ್ರತಾ ಠೇವಣಿ ಪಡೆಯಲಿ. ನಮ್ಮ ಬೀದಿಯ ತಡೆಯಾಜ್ಞೆ ತೆರವಿಗೆ ಕೂಡಲೇ ಅರ್ಜಿ ಹಾಕಲಿ. ಅಲ್ಲಿಯವರೆಗೆ ಆ ಸರಳುಗಳ ಸುತ್ತ ಬೇಲಿಯನ್ನಾದರೂ ಕಟ್ಟಲಿ.

– ನಿವಾಸಿ, ಮಂಡ್ಯ