ಕೆ.ಜಿ. ದರವೊಂದನ್ನೇ ನೋಡಿ ವಿಮಾನವೋ ಹಡಗೋ ಎಂದು ನಿರ್ಧರಿಸಬೇಡಿ

ಮಾನ್ಯ ಸಂಪಾದಕರೇ,

ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳ ಸಣ್ಣ ವ್ಯಾಪಾರಿಗಳು, ಬೆಳೆಗಾರರು ತಮ್ಮ ಸರಕನ್ನು ತಾವೇ ಹೊರದೇಶಕ್ಕೆ ಕಳುಹಿಸಲು ಮುಂದಾಗುತ್ತಿರುವುದು ಸಂತೋಷದ ವಿಷಯ. ಅಂಥವರ ರಫ್ತಿನ ಕಾಗದಪತ್ರಗಳ ಕೆಲಸ ನೋಡಿಕೊಳ್ಳುವವನಾಗಿ ನನಗೆ ಕಳವಳ ತರುವ ಸಂಗತಿಯೊಂದಿದೆ. ವಿಮಾನಕ್ಕೆ ಕೆ.ಜಿ.ಗೆ ಎಷ್ಟು, ಹಡಗಿಗೆ ಎಷ್ಟು ಎಂದು ಕೇಳಿ, ಆ ಎರಡು ಅಂಕಿಗಳ ಮೇಲೆಯೇ ಬಹುಪಾಲು ಜನ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಗೋದಾಮಿನಿಂದ ಹೊರಟ ಸರಕು ಖರೀದಿದಾರನ ಕೈಸೇರಿ, ಹಣ ನಮ್ಮ ಖಾತೆಗೆ ಬರುವವರೆಗಿನ ಇಡೀ ಲೆಕ್ಕವನ್ನು ಹಾಕಿದರೆ ಚಿತ್ರ ಬೇರೆಯೇ ಆಗುತ್ತದೆ.

ನಮ್ಮೂರಿನ ಮಂಡಕ್ಕಿಯನ್ನೇ ತೆಗೆದುಕೊಳ್ಳೋಣ. 60 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲ, 40 ಸೆಂ.ಮೀ. ಎತ್ತರದ ರಟ್ಟಿನ ಪೆಟ್ಟಿಗೆಯಲ್ಲಿ ಮಂಡಕ್ಕಿ ತುಂಬಿ ತಕ್ಕಡಿಗೆ ಇಟ್ಟರೆ ಏಳೆಂಟು ಕೆ.ಜಿ. ತೂಗಿದರೆ ಹೆಚ್ಚು. ಆದರೆ ವಿಮಾನ ಸಾಗಣೆಯಲ್ಲಿ ಪೆಟ್ಟಿಗೆಯ ಘನ ಸೆಂಟಿಮೀಟರ್‌ಗಳನ್ನು ಸಾಮಾನ್ಯವಾಗಿ 6,000ದಿಂದ ಭಾಗಿಸಿ ಗಾತ್ರದ ತೂಕವನ್ನು ಕಂಡುಹಿಡಿಯುತ್ತಾರೆ. ನಿಜವಾದ ತೂಕ ಮತ್ತು ಗಾತ್ರದ ತೂಕ ಇವೆರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ಬಾಡಿಗೆ. ಈ ಪೆಟ್ಟಿಗೆಗೆ ಗಾತ್ರದ ತೂಕ 16 ಕೆ.ಜಿ. ಆಗುತ್ತದೆ, ಅಂದರೆ ಇರುವ ತೂಕದ ಎರಡು ಪಟ್ಟು. ಕೆಲವು ಕೊರಿಯರ್ ಸಂಸ್ಥೆಗಳು 5,000ದಿಂದ ಭಾಗಿಸುವುದರಿಂದ ಅಲ್ಲಿ ಹೊರೆ ಇನ್ನೂ ಹೆಚ್ಚು. ಅದೇ ಹತ್ತು ಪೆಟ್ಟಿಗೆಗಳನ್ನು ಬೇರೆಯವರ ಸರಕಿನ ಜೊತೆ ಕಂಟೇನರ್ ಹಂಚಿಕೊಂಡು ಹಡಗಿನಲ್ಲಿ ಕಳುಹಿಸಿದರೆ, ಅಲ್ಲಿ ಒಂದು ಘನ ಮೀಟರ್ ಅಥವಾ ಒಂದು ಟನ್ ಎಂಬುದೇ ಅಳತೆಯಾದ್ದರಿಂದ, ಒಂದು ಘನ ಮೀಟರ್‌ನ ಬಾಡಿಗೆಯಲ್ಲಿ ಮುಗಿಯುತ್ತದೆ. ದುಬೈಗೆ ವಿಮಾನ ನಾಲ್ಕು ಗಂಟೆಯಲ್ಲಿ ಹೋಗುತ್ತದೆ ನಿಜ, ಆದರೆ ಮಂಡಕ್ಕಿಗೆ ಆ ಅವಸರವಿಲ್ಲ. ಅದಕ್ಕೆ ಶತ್ರು ತೇವ. ಹಗಲು ಕಾದು ರಾತ್ರಿ ತಣಿಯುವ ಕಂಟೇನರಿನ ಚಾವಣಿಯಿಂದ ನೀರು ತೊಟ್ಟಿಕ್ಕುವುದುಂಟು. ಗಾಳಿಯಾಡದ ಪೊಟ್ಟಣ, ತೇವ ಹೀರುವ ಚೀಲ ಇವೆರಡಕ್ಕೆ ಮಾಡುವ ಖರ್ಚನ್ನು ಹಡಗಿನ ಬಾಡಿಗೆಗೆ ಸೇರಿಸಿಯೇ ಹೋಲಿಸಬೇಕು.

ಹಂಚಿಕೆಯ ಕಂಟೇನರಿನಲ್ಲಿ ಇನ್ನೊಂದು ತೊಡಕಿದೆ. ಕೆಲವು ಏಜೆಂಟರು ಬಾಡಿಗೆಯನ್ನು ತೀರ ಕಡಿಮೆ ಹೇಳಿ, ಆ ಕಡೆಯ ಬಂದರಿನಲ್ಲಿ ಇಳಿಸುವ, ಬಿಡಿಸಿಕೊಡುವ ಶುಲ್ಕಗಳ ಹೆಸರಿನಲ್ಲಿ ಖರೀದಿದಾರನಿಂದ ವಸೂಲು ಮಾಡುತ್ತಾರೆ. ಇಲ್ಲಿನ ವ್ಯಾಪಾರಿಯೊಬ್ಬರು ಇದರಿಂದಲೇ ಒಬ್ಬ ಒಳ್ಳೆಯ ಗಿರಾಕಿಯನ್ನು ಕಳೆದುಕೊಂಡರು. ಅವರಿಗೆ ಕೊಟ್ಟಿದ್ದ ದರಪಟ್ಟಿಯಲ್ಲಿ ಆ ಶುಲ್ಕಗಳ ಒಂದು ಸಾಲೂ ಇರಲಿಲ್ಲ.

ಹಾಗೆಂದು ವಿಮಾನ ಬೇಡವೆಂದಲ್ಲ. ಮೊಳಕಾಲ್ಮೂರಿನ ರೇಷ್ಮೆ ಸೀರೆ, ನಿಂತ ಯಂತ್ರಕ್ಕೆ ತುರ್ತಾಗಿ ಬೇಕಾದ ಬಿಡಿಭಾಗ, ಗಿರಾಕಿ ಕೇಳಿದ ಮಾದರಿ, ಇವೆಲ್ಲ ವಿಮಾನದ ಸರಕೇ. ಉಪ್ಪುನೀರಿನ ಡ್ರಮ್ಮಿನಲ್ಲಿ ಹೋಗುವ ಮಿಡಿಸೌತೆಗೆ ಹಡಗು ಬಿಟ್ಟು ಬೇರೆ ದಾರಿಯನ್ನು ಯಾರೂ ಯೋಚಿಸುವುದಿಲ್ಲ. ನಿಜವಾದ ಚರ್ಚೆ ಬೇಕಿರುವುದು ದಾಳಿಂಬೆಯ ವಿಷಯದಲ್ಲಿ.

ಹೊಸದುರ್ಗ, ಹಿರಿಯೂರು ಕಡೆಯ ಬೆಳೆಗಾರರಲ್ಲಿ ಅನೇಕರು ಹಣ್ಣು ಹಡಗಿನಲ್ಲಿ ಕೊಳೆತುಹೋಗುತ್ತದೆ ಎಂದೇ ನಂಬಿದ್ದಾರೆ. ಆದರೆ 2025ರ ಮಾರ್ಚ್ ತಿಂಗಳಲ್ಲಿ, ಕೃಷಿ ಉತ್ಪನ್ನಗಳ ರಫ್ತನ್ನು ಉತ್ತೇಜಿಸುವ ಕೇಂದ್ರ ಸರ್ಕಾರದ ಸಂಸ್ಥೆಯಾದ ಅಪೆಡಾ ನೆರವಿನಿಂದ ಸುಮಾರು 14 ಟನ್ ಭಗ್ವಾ ದಾಳಿಂಬೆ ಸಮುದ್ರದ ಮೇಲೆ ಐದು ವಾರ ಸಾಗಿ ನ್ಯೂಯಾರ್ಕ್ ತಲುಪಿ, ಅಲ್ಲಿ ಒಳ್ಳೆಯ ಹಣ್ಣೆಂದೇ ಸ್ವೀಕೃತವಾಯಿತು. ಅದಕ್ಕೂ ಮೊದಲು ಸೋಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದ ಜೊತೆ ನಡೆಸಿದ ಪ್ರಯೋಗದಲ್ಲಿ ಹಣ್ಣಿನ ಬಾಳಿಕೆಯನ್ನು 60 ದಿನಗಳವರೆಗೆ ಹಿಗ್ಗಿಸಲಾಗಿತ್ತು. ನಮ್ಮಲ್ಲಿ ಬೆಳೆಯುವುದೂ ಹೆಚ್ಚಾಗಿ ಅದೇ ಭಗ್ವಾ ತಳಿ. ಇಲ್ಲಿ ಒಂದು ಅಂಶವನ್ನು ಒತ್ತಿ ಹೇಳಬೇಕು: ಶೈತ್ಯ ಕಂಟೇನರ್ ಇರುವುದು ತಂಪನ್ನು ಕಾಯ್ದುಕೊಳ್ಳಲಿಕ್ಕೆ, ಬಿಸಿಲಿನಲ್ಲಿ ಕೊಯ್ದ ಹಣ್ಣನ್ನು ಅದು ಬೇಗನೆ ತಣಿಸಲಾರದು. ಹಣ್ಣಿನ ತಿರುಳು 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿದ ಮೇಲೆಯೇ ಕಂಟೇನರಿಗೆ ತುಂಬಬೇಕು, ಅದಕ್ಕಿಂತ ತೀರ ಕೆಳಗೆ ಇಳಿದರೂ ಸಿಪ್ಪೆ ಕಪ್ಪಾಗುತ್ತದೆ. ಕೊಳೆತ ಹಣ್ಣಿನ ದೂರನ್ನು ಹಡಗಿನ ಮೇಲೆ ಹೊರಿಸುವ ಮೊದಲು ತುಂಬುವ ದಿನ ತಿರುಳಿನ ಉಷ್ಣತೆ ಎಷ್ಟಿತ್ತೆಂದು ಯಾರಾದರೂ ಬರೆದಿಟ್ಟಿದ್ದರೇ ಎಂದು ನೋಡುವುದು ನ್ಯಾಯ.

ಹಣದ ಭದ್ರತೆಯಲ್ಲೂ ಹಡಗಿಗೆ ಒಂದು ಅನುಕೂಲವಿದೆ, ಇದನ್ನು ಹೊಸಬರಿಗೆ ಯಾರೂ ಹೇಳುವುದಿಲ್ಲ. ಹಡಗಿನ ಬಿಲ್ ಆಫ್ ಲೇಡಿಂಗ್, ಅಂದರೆ ಸರಕು ಹತ್ತಿಸಿಕೊಂಡದ್ದಕ್ಕೆ ಹಡಗಿನ ಸಂಸ್ಥೆ ಕೊಡುವ ಪತ್ರ, ಸರಕಿನ ಒಡೆತನದ ಪತ್ರವೂ ಆಗಬಲ್ಲದು; ಅದನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಖರೀದಿದಾರ ಹಣ ಕಟ್ಟಿ ಮೂಲಪ್ರತಿ ಪಡೆದ ಮೇಲಷ್ಟೇ ಸರಕು ಬಿಡಿಸಿಕೊಳ್ಳಬೇಕು. ವಿಮಾನದ ಸರಕಿಗೆ ಕೊಡುವ ಪತ್ರವಾದ ಏರ್ ವೇಬಿಲ್‌ಗೆ ಆ ಬಲವಿಲ್ಲ. ಅದರಲ್ಲಿ ಯಾರ ಹೆಸರಿದೆಯೋ ಅವರು ಹಣ ಕೊಡದೆಯೂ ಸರಕನ್ನು ಒಯ್ಯಬಹುದು. ಪರಿಚಯವಿಲ್ಲದ ಗಿರಾಕಿಗೆ ಮುಂಗಡವಿಲ್ಲದೆ ವಿಮಾನದಲ್ಲಿ ಕಳುಹಿಸುವುದು ದೊಡ್ಡ ಅಪಾಯ.

ಸಮುದ್ರದ ದಾರಿಯ ಅನಿಶ್ಚಿತತೆಯನ್ನೂ ಮರೆಮಾಚಬಾರದು. 2023ರ ನವೆಂಬರ್‌ನಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿ ಆರಂಭವಾದ ಮೇಲೆ ಯುರೋಪಿಗೆ ಹೋಗುವ ಹಡಗುಗಳು ಆಫ್ರಿಕಾದ ಗುಡ್‌ಹೋಪ್ ಭೂಶಿರವನ್ನು ಸುತ್ತಿ ಹೋಗಬೇಕಾಗಿ, ಸುಮಾರು ಹತ್ತರಿಂದ ಹದಿನಾಲ್ಕು ದಿನ ಹೆಚ್ಚು ಹಿಡಿಯಿತು. ಆದ್ದರಿಂದ ಹಣ್ಣಿನ ಬಾಳಿಕೆಯಲ್ಲಿ ಎರಡು ವಾರವನ್ನು ಮೀಸಲಿಟ್ಟೇ ಒಪ್ಪಂದ ಮಾಡಿಕೊಳ್ಳಬೇಕು, ವಿಮೆಯನ್ನಂತೂ ಬಿಡಲೇಬಾರದು.

ಒಬ್ಬ ಸಣ್ಣ ಬೆಳೆಗಾರನ ರಫ್ತು ದರ್ಜೆಯ ಹಣ್ಣು ಒಂದು ಶೈತ್ಯ ಕಂಟೇನರಿಗೆ ಸಾಲುವುದಿಲ್ಲ. ಅವನನ್ನು ವಿಮಾನಕ್ಕೆ ತಳ್ಳುತ್ತಿರುವುದು ಮುಖ್ಯವಾಗಿ ಇದೇ. ಆದ್ದರಿಂದ ತೋಟಗಾರಿಕೆ ಇಲಾಖೆ, ಅಪೆಡಾ ಮತ್ತು ಎರಡೂ ಜಿಲ್ಲೆಗಳ ಕೈಗಾರಿಕಾ ಕೇಂದ್ರಗಳಲ್ಲಿ ನನ್ನ ಕೋರಿಕೆ ಇಷ್ಟು. ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಹಿರಿಯೂರಿನಲ್ಲಿ, ಸುತ್ತಲಿನ ರೈತ ಉತ್ಪಾದಕ ಸಂಸ್ಥೆಗಳು ಹಣ್ಣನ್ನು ಒಟ್ಟುಗೂಡಿಸಿ, ವಿಂಗಡಿಸಿ, ಮುಂಚಿತವಾಗಿ ತಣಿಸಿ, ಅಲ್ಲಿಯೇ ಕಂಟೇನರಿಗೆ ತುಂಬಿ ಸೀಲು ಹಾಕಿಸುವಷ್ಟು ಸಾಮರ್ಥ್ಯದ ಪ್ಯಾಕ್‌ಹೌಸ್ ನಡೆಯುವಂತೆ ಮಾಡಿ. ಮುಂದಿನ ಕೊಯ್ಲಿಗೆ ಮೊದಲು ಬೆಳೆಗಾರರಿಗೆ ಕನ್ನಡದಲ್ಲಿ ತರಬೇತಿ ಕೊಡಿ. ಎರಡೂ ಕಡೆಯ ಬಂದರಿನ ಶುಲ್ಕ, ಗಾತ್ರದ ತೂಕದ ಲೆಕ್ಕ ಎಲ್ಲವನ್ನೂ ಒಳಗೊಂಡ ದರಪಟ್ಟಿಯ ಒಂದು ಮಾದರಿಯನ್ನು ಅಚ್ಚು ಹಾಕಿಸಿ ಹಂಚಿ, ಅದನ್ನು ತುಂಬಿಕೊಡದ ಏಜೆಂಟರಿಗೆ ಸರಕು ಒಪ್ಪಿಸಬೇಡಿರೆಂದು ಆ ತರಬೇತಿಯಲ್ಲಿಯೇ ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ, ದಾವಣಗೆರೆ