ಹೊಸ ಮನೆಗೆ ಹೊದಿಕೆ

ಕೊಪ್ಪಳ

ಚಿ. ಸೌ. ಸೊಸೆಗೆ ನಿನ್ನ ಸೋದರತ್ತೆಯ ಆಶೀರ್ವಾದಗಳು.

ಬಳ್ಳಾರಿಯ ಹೊಸ ಮನೆಯ ಫೋಟೊ ನಿಮ್ಮಪ್ಪ ತೋರಿಸಿದ. ಹಾಲು ಉಕ್ಕಿಸಿ ತಿಂಗಳಾಗಿಲ್ಲ, ಆಗಲೇ ಸೋಫಾಕ್ಕೆ ಉಣ್ಣೆ ಹೊದಿಕೆ, ಗೋಡೆಗೆ ಫೆಲ್ಟ್ ಎಂಬ ನೇಯದೆ ಮಾಡಿದ ಬಟ್ಟೆಯ ಹೂವು ಎಂದು ಮೊಬೈಲಿನಲ್ಲಿ ಹುಡುಕುತ್ತಿದ್ದೀಯಂತೆ. ಕೈಕೆಲಸದ ವಸ್ತುಗಳಿಂದ ಮನೆ ಸಿಂಗರಿಸುವ ನಿನ್ನ ಆಸೆ ನನಗೆ ಬಹಳ ಹಿಡಿಸಿತು. ಆದರೆ ದುಡ್ಡು ಕೊಡುವ ಮುಂಚೆ ನಾರಿನ ಗುಣ ತಿಳಿದುಕೋ ತಾಯಿ.

ಮದುವೆಯಾದ ಹೊಸತರಲ್ಲಿ ನಮ್ಮ ಅತ್ತೆಯವರ ಉಣ್ಣೆ ಶಾಲನ್ನು ಹಂಡೆಯ ಬಿಸಿನೀರಿನಲ್ಲಿ ನೆನೆಸಿ, ಸಾಬೂನು ಹಚ್ಚಿ, ಕಲ್ಲಿನ ಮೇಲೆ ತಿಕ್ಕಿ ತಿಕ್ಕಿ ಒಗೆದಿದ್ದೆ. ಒಣಗಿದಾಗ ಮೈತುಂಬ ಹೊದೆಯುವ ಶಾಲು ಕೈವಸ್ತ್ರದಂತೆ ಮುದುಡಿ, ರೊಟ್ಟಿಯ ಹಾಗೆ ದಪ್ಪಗಾಗಿತ್ತು. ನೇಯ್ದ ಎಳೆಗಳ ಗುರುತೇ ಇರಲಿಲ್ಲ. ಅತ್ತುಬಿಟ್ಟೆ. ಅತ್ತೆಯವರು ಬೈಯಲಿಲ್ಲ, ಅದನ್ನು ಗುಂಡಗೆ ಕತ್ತರಿಸಿ ಬಿಸಿ ಪಾತ್ರೆ ಇಳಿಸಲು ಇಟ್ಟುಕೊಂಡರು. ಅಂಚಿನಿಂದ ಒಂದು ನೂಲೂ ಬಿಚ್ಚಲಿಲ್ಲ.

ಫೆಲ್ಟ್ ಆಗುವುದೂ ಹೀಗೇ. ಉಣ್ಣೆಯ ಕೂದಲಿಗೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿನೀರು, ಸಾಬೂನು, ತಿಕ್ಕಾಟ ಮೂರೂ ಸೇರಿದರೆ ಅವು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡುವುದಿಲ್ಲ. ಕಾಶ್ಮೀರದ ನಮದಾ ಎಂಬ ಉಣ್ಣೆ ಹಾಸುಗಳನ್ನೂ ಹೀಗೇ ಮಾಡುತ್ತಾರೆ, ಮಗ್ಗ ಬೇಡ. ಹಾಗಾಗಿ ನೀನು ತರುವ ಉಣ್ಣೆಯ ಯಾವ ವಸ್ತುವನ್ನೂ ವಾಷಿಂಗ್ ಮಷಿನ್ನಿಗೆ ಹಾಕಬೇಡ. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಒತ್ತಿ ನೀರು ತೆಗೆದು, ನೆರಳಿನಲ್ಲಿ ಹರವಿ ಒಣಗಿಸು.

ಅಸಲಿ ಉಣ್ಣೆಯೋ ಅಲ್ಲವೋ ಎಂಬ ಅನುಮಾನ ಬಂದರೆ ಒಂದು ಎಳೆ ಕಿತ್ತು ದೀಪಕ್ಕೆ ಹಿಡಿ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ. ಪ್ಲಾಸ್ಟಿಕ್ಕಿನ ನೂಲಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ. ಅಗ್ಗದ ಬಣ್ಣಬಣ್ಣದ ಫೆಲ್ಟ್ ಹಾಳೆಗಳು ಹೆಚ್ಚಾಗಿ ಈ ಕೊನೆಯ ಜಾತಿಯವು.

ಇನ್ನು ನಿಮ್ಮೂರಿನ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ಸೋಫಾ ಮೇಲೆ ಉಣ್ಣೆ ಯಾರಿಗೆ ಬೇಕು? ಬೇಸಿಗೆಗೆ ಹತ್ತಿಯ ಕೈಮಗ್ಗದ ಹೊದಿಕೆ ಹಾಸು. ಅದಕ್ಕಿಂತ ಚೆಂದ ಬೇಕೆಂದರೆ ಕೌದಿ. ನಿನ್ನ ಅಜ್ಜಿಯ ಎರಡು ಇಳಕಲ್ ಸೀರೆ ನನ್ನ ಟ್ರಂಕಿನಲ್ಲಿವೆ, ಸೆರಗಿನ ಕೆಂಪು ಇನ್ನೂ ಮಾಸಿಲ್ಲ. ಒಳಗೆ ಹಳೆಯ ಸೀರೆಗಳ ಪದರು ಕೊಟ್ಟು ನಾನೇ ಹೊಲಿದು ಕಳಿಸುತ್ತೇನೆ.

ಚಳಿಗಾಲಕ್ಕೆ ನಮ್ಮ ಕುರಿಯ ಕರಿ ಕಂಬಳಿಯೇ ಇರಲಿ. ನೆಲದ ಕುಣಿಯಲ್ಲಿ ಕಾಲಿಟ್ಟು ಕೂತು ನೇಯುವ ಕುರುಬರ ಕುಣಿ ಮಗ್ಗದಲ್ಲಿ ನೇಯ್ದು, ಹುಣಸೆ ಬೀಜದ ಗಂಜಿ ಹಾಕಿದ್ದು. ಮೊದಮೊದಲು ಬಿರುಸಾಗಿರುತ್ತದೆ, ಬರಿ ಮೈಗೆ ಚುಚ್ಚುತ್ತದೆ. ಆದ್ದರಿಂದ ಸೋಫಾದ ಮೇಲೆ ಬೇಡ. ಮಂಚದ ಕಾಲ್ದೆಸೆಗೆ ಮಡಚಿಡು, ಇಲ್ಲವೇ ಗೋಡೆಗೆ ತೂಗುಹಾಕು. ಆ ಕರಿಯ ಮೇಲೆ ನೀನು ಇಷ್ಟಪಟ್ಟ ಫೆಲ್ಟಿನ ಹೂವು ಎಷ್ಟು ಎದ್ದು ಕಾಣುತ್ತದೆ ನೋಡು. ಹಿರಿಯರು ಬಂದರೆ ಅದನ್ನೇ ತೆಗೆದು ಗದ್ದಿಗೆ ಹಾಕಿ ಕೂರಿಸು, ನಮ್ಮ ಮನೆತನದಲ್ಲಿ ಬಂದವರಿಗೆ ಮಾಡುತ್ತಿದ್ದ ಮರ್ಯಾದೆ ಅದು.

ಬುಟ್ಟಿ, ಚೀಲ ಬೇಕಾದರೆ ಆನೆಗೊಂದಿಯಲ್ಲಿ ಹೆಣ್ಣುಮಕ್ಕಳು ಬಾಳೆ ನಾರಿನಿಂದ ಮಾಡುತ್ತಾರೆ. ಹಂಪಿಗೆ ಹೋದಾಗ ಹೊಳೆ ದಾಟಿ ಹೋಗಿ ಕೈಯಲ್ಲಿ ಹಿಡಿದು ನೋಡಿ ತಗೋ. ನೀರು ತಾಗುವ ಕಡೆ ಇಡಬೇಡ, ಬೂಸಲು ಬರುತ್ತದೆ.

ಅದಿರಿನ ಲಾರಿ ಓಡಾಡುವ ಸೀಮೆ, ಕೆಂಧೂಳು ಕೂತೇ ಕೂರುತ್ತದೆ. ವಾರಕ್ಕೊಮ್ಮೆ ಹೊರಗೆ ತಂದು ಕೊಡವು. ಬೇಸಿಗೆಯಲ್ಲಿ ಕಂಬಳಿಯನ್ನು ಟ್ರಂಕಿಗೆ ಹಾಕುವಾಗ ಒಣಗಿದ ಬೇವಿನ ಎಲೆ ಇಡು, ಆದರೆ ಅದನ್ನೇ ನಂಬಿ ಮರೆತುಬಿಡಬೇಡ. ಕತ್ತಲಲ್ಲಿ ಅಲುಗಾಡದೆ ಇದ್ದ ಉಣ್ಣೆಗೇ ಹುಳು ಹತ್ತುವುದು. ತಿಂಗಳಿಗೊಮ್ಮೆ ಬಿಚ್ಚಿ ಎಳೆಬಿಸಿಲು ತೋರಿಸು.

ಒಮ್ಮೆಗೇ ಎಲ್ಲವನ್ನೂ ತಂದು ತುಂಬಬೇಡ ಮಗಳೇ. ಮೊದಲು ಕೌದಿ ಬರಲಿ. ಸೋಫಾದ ಉದ್ದ ಅಗಲ ಅಳೆದು ನಿಮ್ಮಪ್ಪನ ಕೈಲಿ ಹೇಳಿ ಕಳಿಸು, ಸೀರೆ ಕತ್ತರಿಸದೆ ಕಾಯುತ್ತಿದ್ದೇನೆ.

ನಿನ್ನ ಸೋದರತ್ತೆ