ಮಗಳಿಗೊಂದು ಪತ್ರ: ಕೌಂಟರಿನಾಚೆಯ ಮುಖಗಳು

ಪುಟ್ಟಿ,

ಮೂಡಿಗೆರೆಯ ಬ್ಯಾಂಕ್ ಕೌಂಟರಿನಲ್ಲಿ ಹುಬ್ಬು ಗಂಟಿಕ್ಕಿಕೊಂಡು ಬಂದವರೆಲ್ಲ ಸಿಟ್ಟಲ್ಲಿದ್ದಾರೆ ಅಂದುಕೊಳ್ಳಬೇಡ. ಜನವರಿಯ ಬಿಸಿಲಲ್ಲಿ ಕಾಫಿ ಕಣದಲ್ಲಿ ಕಣ್ಣು ಕಿರಿದು ಮಾಡಿ ನಿಂತವರಿಗೆ ಆ ಗಂಟು ಹಣೆಯಲ್ಲೇ ಉಳಿದುಬಿಟ್ಟಿರುತ್ತೆ. ಕನ್ನಡಕ ಮರೆತು ಬಂದವರು ಚಲನ್ ಓದುವಾಗಲೂ ಹಾಗೇ ಕಾಣ್ತಾರೆ. ಮೊದಲು ಒಂದೆರಡು ನಿಮಿಷ ಮಳೆ, ಬಸ್ಸು ಅಂತ ಮಾತಾಡಿಸಿ ಅವರ ಮಾಮೂಲಿ ಮುಖ ಹೇಗಿದೆ ನೋಡಿಕೊ. ಆಮೇಲೆ ಸಾಲದ ಮಾತು ಬಂದಾಗ ಅದರಲ್ಲಿ ಏನು ಬದಲಾಯ್ತು ಅನ್ನೋದಷ್ಟೇ ಲೆಕ್ಕಕ್ಕೆ.

ನಗುವಿನ ವಿಷಯ ಸ್ವಲ್ಪ ಸೂಕ್ಷ್ಮ. ತುಟಿಯ ಕೊನೆ ಮೇಲೆಳೆಯುವ ಸ್ನಾಯು ನಾವು ಹೇಳಿದ ಹಾಗೆ ಕೇಳುತ್ತೆ. ಕಣ್ಣಿನ ಸುತ್ತಲಿನದು ಅಷ್ಟು ಸುಲಭಕ್ಕೆ ಕೇಳಲ್ಲ ಅಂತ ಫ್ರಾನ್ಸಿನ ವೈದ್ಯ ಡುಷೆನ್ 1862ರಲ್ಲೇ ಬರೆದಿಟ್ಟ. ಹಾಗಂತ ಕಣ್ಣಂಚಿನ ಗೆರೆ ನೋಡಿ ತೀರ್ಮಾನಿಸಿದರೆ ಬೇಸ್ತು ಬೀಳ್ತೀಯ. ಬಾಯಿ ಅಗಲಿಸಿ ಹುಸಿನಗು ನಕ್ಕರೂ ಕೆನ್ನೆ ಮೇಲೇರಿ ಗೆರೆ ಮೂಡುತ್ತೆ. ಹುಬ್ಬಿಗೂ ರೆಪ್ಪೆಗೂ ನಡುವಿನ ಚರ್ಮ ನೋಡು, ಮನಸಾರೆ ನಕ್ಕಾಗ ಅದು ಚೂರು ಕೆಳಗಿಳಿಯುತ್ತೆ. ಸ್ವಿಚ್ ಹಾಕಿದ ಹಾಗೆ ಬಂದು ಹಾಗೇ ಆರಿಹೋಗೋದು ಹೆಚ್ಚಾಗಿ ಮರ್ಯಾದೆಯ ನಗು. ಅದೇನು ಕಪಟವಲ್ಲ. ನೀನೂ ಸಂಜೆತನಕ ಅದನ್ನೇ ಹೊತ್ತುಕೊಂಡು ಕೂತಿರ್ತೀಯಲ್ಲ!

ಮುಖ ನೋಡಿ ಸುಳ್ಳು ಹಿಡಿಯುವ ಹುಚ್ಚು ಮಾತ್ರ ಬೇಡ. ನೂರಾರು ಪ್ರಯೋಗಗಳನ್ನು ಒಟ್ಟು ಸೇರಿಸಿ 2006ರಲ್ಲಿ ಲೆಕ್ಕ ಹಾಕಿದಾಗ, ಸುಳ್ಳು-ನಿಜ ಬೇರ್ಪಡಿಸುವುದರಲ್ಲಿ ಜನ ಗೆದ್ದದ್ದು ಶೇ. 54ರಷ್ಟು. ನಾಣ್ಯ ಚಿಮ್ಮಿದರೇ 50 ಸಿಗುತ್ತೆ. ಅರ್ಧ ಸೆಕೆಂಡೂ ನಿಲ್ಲದೆ ಭಯ ಮಿಂಚಿ ಹೋದರೆ, ಭಯ ಇತ್ತು ಅಂತಷ್ಟೇ ಗೊತ್ತಾಗೋದು. ಸಿಕ್ಕಿಬಿದ್ದೆ ಅನ್ನೋ ಭಯವೋ, ಇವಳು ನನ್ನ ನಂಬಲ್ಲವೇನೋ ಅನ್ನೋ ಭಯವೋ, ಮುಖ ಹೇಳಲ್ಲ. "ಈ ತಾರೀಖು ನಿಮಗೆ ಕಷ್ಟ ಆಗುತ್ತಾ ಯಜಮಾನ್ರೇ?" ಅಂತ ಬಾಯಿಬಿಟ್ಟು ಕೇಳು.

ಬಾಯಿ ಒಂದೇ ಕಡೆ ದಿಢೀರನೆ ಜೋತು, ಮಾತು ತೊದಲಿ, ಕೈ ಎತ್ತಲಾಗದಿದ್ದರೆ ಅದು ಮುಖಭಾವವೇ ಅಲ್ಲ, ಪಾರ್ಶ್ವವಾಯು ಇರಬಹುದು. ತಕ್ಷಣ 108ಕ್ಕೆ ಫೋನ್ ಮಾಡು, ಶುರುವಾದ ಹೊತ್ತನ್ನು ಬರೆದಿಡು.

ಮಾಸ್ಕ್ ಹಾಕಿದವರು, ಸೆರಗು ಬಾಯಿಗೆ ಅಡ್ಡ ಹಿಡಿದವರು ಬಂದರೆ ತುಟಿ, ಮೂಗು ಕಾಣಲ್ಲ. ಅಸಹ್ಯಕ್ಕೆ ಮೂಗು ಸಿಂಡರಿಸಿದ್ದೂ ಆಗ ಹುಬ್ಬು ನೋಡಿದರೆ ಸಿಟ್ಟಿನ ಹಾಗೇ ಕಂಡೀತು. ದನಿಗೆ ಕಿವಿಗೊಡು. ನೀನೇ ಮಾಸ್ಕ್ ಹಾಕಿದ್ದರೆ ಮುಗುಳ್ನಗು ಯಾರಿಗೂ ತಲುಪಲ್ಲ, ತಲೆಯಾಡಿಸಿ "ಬನ್ನಿ" ಅನ್ನು. ಕಿವಿ ಮಂದ ಇರುವ ಅಜ್ಜಂದಿರು ತುಟಿ ನೋಡಿ ಅರ್ಥ ಮಾಡಿಕೊಳ್ಳೋರು. ಅವರಿಗೆ ಮೊತ್ತವನ್ನು ಚೀಟಿಯಲ್ಲಿ ದೊಡ್ಡದಾಗಿ ಬರೆದು ತೋರಿಸು.

ನಿನ್ನ
ಅಮ್ಮ